ಮುಷ್ಟಿವಿದ್ಯೆ ಕಲಿಸಿದ ಮೆಂಡೋಜಾ



ಪಾಳಿ ಮುಗಿಸಿ, ಹೋಟೆಲಿನ ಬಾಗಿಲೆಳೆದು ಬಂದು ಕುಳಿತಿದ್ದೀರಿ. ದಣಿದಿದ್ದೀರಿ. ಆದ್ದರಿಂದ ನಾವು ರಾಜಮಹಾರಾಜರ ಚರಿತ್ರೆ ಹೇಳುವುದಿಲ್ಲ. ಚಹದ ಅಂಗಡಿಯಲ್ಲಿ ಸಂಬಳಕ್ಕಿದ್ದ ಒಬ್ಬ ಹುಡುಗನ ಕಥೆ ಹೇಳುತ್ತೇವೆ.

ಅವನ ಹೆಸರು ಡೇನಿಯಲ್ ಮೆಂಡೋಜಾ. 1764ರಲ್ಲಿ ಲಂಡನ್ನಿನ ಪೂರ್ವಭಾಗದಲ್ಲಿ ಒಂದು ಯಹೂದಿ ಕುಟುಂಬದಲ್ಲಿ ಹುಟ್ಟಿದ. ಆಗ ಅಲ್ಲಿನ ಬಡ ಯಹೂದಿಗಳಲ್ಲಿ ಬಹಳ ಮಂದಿ ಹಳೆಬಟ್ಟೆ ಹೊತ್ತು ಮಾರುವವರು. ಅವರು ಬೀದಿಗೆ ಬಂದರೆ ಪುಂಡರು ಅಟ್ಟಿಸಿಕೊಂಡು ಹೋಗುವುದು, ಗಡ್ಡ ಹಿಡಿದೆಳೆಯುವುದು, ಮೇಲೆ ಉಗಿಯುವುದು ನಡೆದೇ ಇತ್ತು. ಕೇಳುವವರಿಲ್ಲ. ಯಹೂದಿಗಳಿಗೆ ಪೌರತ್ವದ ದಾರಿ ತೆರೆದ 1753ರ ಕಾನೂನು ಕೂಡ ಜನರ ಗದ್ದಲಕ್ಕೆ ಹೆದರಿ ವರ್ಷ ತುಂಬುವ ಮೊದಲೇ ರದ್ದಾಗಿತ್ತು.

ಡೇನಿಯಲ್ ಗಾಜು ಕೊರೆಯುವ ಕೆಲಸಕ್ಕೆ ಸೇರಿದ. ಧಣಿಯ ಮಗನೊಡನೆ ಜಗಳವಾಗಿ ಬಿಟ್ಟ. ತರಕಾರಿ ಅಂಗಡಿಗೆ ಹೋದ. ಅನಂತರ, ಹದಿನಾರರ ಸುಮಾರಿಗೆ, ಚಹದ ವ್ಯಾಪಾರಿಯ ಬಳಿ ನಿಂತ. ಒಂದು ದಿನ ಸರಕು ತಂದ ಹಮಾಲನೊಬ್ಬ ಕೊಟ್ಟ ಹಣ ಸಾಲದೆಂದು ಧಣಿಯ ಮೇಲೆ ಏರಿಹೋದ. ಡೇನಿಯಲ್ ಅಡ್ಡ ಬಂದ. ಬೀದಿಯಲ್ಲೇ ಕಾಳಗ, ಮುಕ್ಕಾಲು ಗಂಟೆ ನಡೆದು ಹುಡುಗ ಗೆದ್ದ. ಹಮಾಲನೂ ಹೊಟ್ಟೆಗಾಗಿ ದುಡಿಯುವವನೇ ಆಗಿದ್ದನೆಂಬುದನ್ನು ನಾವು ಮರೆಯುವಂತಿಲ್ಲ. ಆದರೆ ಡೇನಿಯಲನ ಹೆಸರು ಕೇರಿಯಲ್ಲಿ ಹಬ್ಬಿದ್ದು ಹೀಗೆ.

ಅವನು ಆಳು ದೊಡ್ಡವನಲ್ಲ. ಐದಡಿ ಏಳಂಗುಲ ಎತ್ತರ, 160 ಪೌಂಡು ತೂಕ. ಆಗಿನ ಮುಷ್ಟಿಕಾಳಗವೆಂದರೆ ಬರಿಗೈಯಲ್ಲಿ ಎದುರುಬದುರು ನಿಂತು, ಒಬ್ಬ ಬೀಳುವವರೆಗೆ ಗುದ್ದಾಡುವುದು. ಮೆಂಡೋಜಾ ಕಾಲು ಆಡಿಸಿದ, ಪಕ್ಕಕ್ಕೆ ಸರಿದ, ಎದುರಾಳಿಯ ಏಟನ್ನು ತೋಳಿನಲ್ಲಿ ತಡೆದು ತಟ್ಟನೆ ಎಡಗೈ ಹಾಕಿದ. ಇದು ಹೇಡಿಯ ಆಟವೆಂದು ಕೆಲವರು ಮೂಗು ಮುರಿದರು. ಗುದ್ದು ತಿನ್ನದಿರುವುದು ಹೇಡಿತನ ಹೇಗಾಗುತ್ತದೋ ನಮಗಂತೂ ತಿಳಿಯದು! 1788ರಲ್ಲಿ ರಿಚರ್ಡ್ ಹಂಫ್ರೀಸ್‌ನ ಕೈಯಲ್ಲಿ ಸೋತ. 1789 ಮತ್ತು 1790ರಲ್ಲಿ ಅವನನ್ನೇ ಸೋಲಿಸಿದ.

ಗೆಲುವಿಗಿಂತ ದೊಡ್ಡದು ಅವನ ಗರಡಿ. ತನ್ನ ವಿದ್ಯೆಯನ್ನು ಲಂಡನ್ನಿನಲ್ಲಿ ಪಾಠ ಹೇಳಿ ಕಲಿಸಿದ. 1789ರಲ್ಲಿ ಪುಸ್ತಕವಾಗಿಯೂ ಅಚ್ಚು ಹಾಕಿಸಿದ. ಇದರ ಫಲವನ್ನು ಕಣ್ಣಾರೆ ಕಂಡು ಬರೆದಿಟ್ಟವನು ಫ್ರಾನ್ಸಿಸ್ ಪ್ಲೇಸ್, ಚಲ್ಲಣ ಹೊಲಿಯುವ ದರ್ಜಿ. ಕಾರ್ಮಿಕರು ಸಂಘ ಕಟ್ಟುವುದನ್ನೇ ಅಪರಾಧವೆಂದಿದ್ದ ಇಂಗ್ಲೆಂಡಿನ ಕಾನೂನು 1824ರಲ್ಲಿ ರದ್ದಾಗಲು ಬಹಳ ಹೆಣಗಿದವನು ಇದೇ ಪ್ಲೇಸ್. ಯಹೂದಿ ತರುಣರು ಮೆಂಡೋಜಾನ ವಿದ್ಯೆ ಕಲಿತರು, ಕೆಲವೇ ವರ್ಷಗಳಲ್ಲಿ ಯಹೂದಿಯನ್ನು ಕೆಣಕುವುದು ಅಪಾಯವೆಂದು ಪುಂಡರಿಗೆ ಅರಿವಾಯಿತು, ಮುದುಕನೊಬ್ಬ ಒಂಟಿಯಾಗಿ ಸಿಕ್ಕಿದರೆ ಮಾತ್ರ ಹಳೆಯ ಚಾಳಿ ನಡೆಯುತ್ತಿತ್ತು ಎಂದು ಅವನು ಹೇಳುತ್ತಾನೆ.

1795ರಲ್ಲಿ ತನಗಿಂತ ಎತ್ತರವೂ ಭಾರವೂ ಆಗಿದ್ದ ಜಾನ್ ಜಾಕ್ಸನ್ ಮೆಂಡೋಜಾನ ಉದ್ದ ಕೂದಲನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಿಂದ ಗುದ್ದಿ ಕೆಡವಿದ. ಆಗಿನ ನಿಯಮದಲ್ಲಿ ಅದಕ್ಕೆ ತಡೆಯಿರಲಿಲ್ಲ. ಕೈಯಲ್ಲಿ ಕಾಸು ನಿಲ್ಲದ ಮನುಷ್ಯ. ಸಾಲಕ್ಕಾಗಿ ಸೆರೆಮನೆಯನ್ನೂ ಕಂಡ.

ಮುಂದಿನದನ್ನು ಬಿಟ್ಟುಬಿಡೋಣವೆಂದು ನಮಗೂ ಅನ್ನಿಸಿತ್ತು. ಆದರೆ ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. 1809ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ನಾಟಕಶಾಲೆಯವರು ಟಿಕೀಟಿನ ದರ ಏರಿಸಿದರು. ಹಳೆಯ ದರವೇ ಬೇಕೆಂದು ಜನ ರಾತ್ರಿ ರಾತ್ರಿ ಕೂಗಿ, ಗಂಟೆ ಬಾರಿಸಿ, ಆಟ ನಡೆಯಗೊಡಲಿಲ್ಲ. ಅವರನ್ನು ಅಡಗಿಸಲು ಮಾಲಿಕರು ಕೂಲಿ ಕೊಟ್ಟು ಜಟ್ಟಿಗಳನ್ನು ತಂದರು. ಅವರ ಮುಂದಾಳಾಗಿ ಬಂದವನು ಮೆಂಡೋಜಾ! ಅವನನ್ನು ಹೊತ್ತು ಮೆರೆಸಿದ್ದ ಜನ ಬೆನ್ನು ತಿರುಗಿಸಿದರು. ಅವನ ಜೊತೆಗೆ ಅವನ ಜಾತಿಯನ್ನೂ ಹಳಿದರು. ಒಬ್ಬನ ತಪ್ಪಿಗೆ ಎಲ್ಲರನ್ನೂ ಬೈಯುವ ಆ ಬುದ್ಧಿಯ ವಿರುದ್ಧವೇ ಅಲ್ಲವೇ ಅವನ ಗರಡಿ ನಿಂತಿದ್ದು? ಕೊನೆಗೆ ಸುಮಾರು ಮೂರು ತಿಂಗಳ ಮೇಲೆ ಮಾಲಿಕರೇ ಮಣಿದು, ಸಾಮಾನ್ಯರ ಜಾಗದ ದರವನ್ನು ಹಿಂದಿನಂತೆ ಮಾಡಿದರು.

ಮೆಂಡೋಜಾ 1816ರಲ್ಲಿ ತನ್ನ ಜೀವನವನ್ನು ಬರೆದು ಪ್ರಕಟಿಸಿದ. 1820ರಲ್ಲಿ, ಐವತ್ತು ದಾಟಿ ಎಷ್ಟೋ ವರ್ಷಗಳಾದ ಮೇಲೆ, ಮತ್ತೆ ಕಣಕ್ಕಿಳಿದು ಸೋತ. 1836ರಲ್ಲಿ ಬಡತನದಲ್ಲೇ ತೀರಿಕೊಂಡ.