ಸಂತ ಫ್ರಾನ್ಸಿಸರ ಹಬ್ಬದ ಪ್ರಬೋಧನೆ: ತೂರಾಡುವ ಮರಿಗೂ ಮನೆಯಲ್ಲಿ ಜಾಗ



ಅಕ್ಟೋಬರ್ 4 ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. 1226ರಲ್ಲಿ ತೀರಿಕೊಂಡ ಈ ಬಡ ಸಂತರನ್ನು ಜಗದ್ಗುರು ಎರಡನೇ ಜಾನ್ ಪಾಲ್ 1979ರಲ್ಲಿ ಪರಿಸರ ಕಾಯುವವರ ಪಾಲಕರೆಂದು ಸಾರಿದರು. ಈ ದಿನ ಹಲವು ಧರ್ಮಕೇಂದ್ರಗಳಲ್ಲಿ ಸಾಕುಪ್ರಾಣಿಗಳನ್ನು ಆಶೀರ್ವದಿಸುತ್ತಾರೆ. ಮೈತುಂಬಿದ ಹಸು, ಚೂಟಿ ನಾಯಿ ಎಲ್ಲರಿಗೂ ಚೆಂದ. ನೆಟ್ಟಗೆ ನಡೆಯಲಾರದ ಬೆಕ್ಕಿನ ಮರಿಯನ್ನು ಆಶೀರ್ವಾದಕ್ಕೆ ಯಾರು ತರುತ್ತಾರೆ?

ಅಂಥ ಮರಿ ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ನಮ್ಮ ಯಾವ ಮನೆಯ ಅಟ್ಟದಲ್ಲೂ ಹುಟ್ಟಬಹುದು. ಅದು ಕಾಲು ಅಗಲಿಸಿ ನಿಲ್ಲುತ್ತದೆ, ತೂರಾಡುತ್ತದೆ. ತಟ್ಟೆಗೆ ಬಾಯಿ ಹಾಕಹೋದರೆ ತಲೆ ನಡುಗುತ್ತದೆ. 'ಹುಚ್ಚು ಹಿಡಿದಿದೆ', 'ಅಪಶಕುನ' ಎನ್ನುತ್ತೇವೆ. ಚೀಲಕ್ಕೆ ಹಾಕಿ ತೋಟದಾಚೆ ಬಿಟ್ಟುಬರುತ್ತೇವೆ.

ನಿಜವೇನು? ಗಬ್ಬವಾದ ಬೆಕ್ಕಿಗೆ ಪ್ಯಾನ್‌ಲ್ಯುಕೋಪೀನಿಯ ಎಂಬ ವೈರಾಣು ತಗುಲಿದರೆ ಹೊಟ್ಟೆಯಲ್ಲಿರುವ ಮರಿಯ ಕಿರುಮೆದುಳು ಪೂರ್ತಿ ಬೆಳೆಯುವುದಿಲ್ಲ. ಮೈಯ ಸಮತೋಲ ಕಾಯುವುದು ಈ ಕಿರುಮೆದುಳೇ. ಹುಟ್ಟಿನಿಂದ ಬಂದ ಈ ನಡುಕ ವಾಸಿಯಾಗುವುದಿಲ್ಲ, ಹೆಚ್ಚುವುದೂ ಇಲ್ಲ. ಅದರಿಂದ ಮರಿಗೆ ನೋವಿಲ್ಲ. ಆ ವೈರಾಣು ಮನುಷ್ಯರಿಗೆ ಹರಡುವುದಿಲ್ಲ. ಆರೈಕೆ ಸಿಕ್ಕರೆ ಅನೇಕ ಮರಿಗಳು ಪೂರ್ಣ ಆಯುಸ್ಸು ಬದುಕುತ್ತವೆ. ಆದರೆ ಚೆನ್ನಾಗಿದ್ದ ಬೆಕ್ಕು ಇದ್ದಕ್ಕಿದ್ದಂತೆ ನಡುಗಿದರೆ ಅದು ಬೇರೆ ಕಾಯಿಲೆ. ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು.

ಆರೈಕೆಗೆ ದುಡ್ಡಿಗಿಂತ ತಾಳ್ಮೆ ಬೇಕು. ನುಣುಪು ನೆಲದ ಮೇಲೆ ಗೋಣಿಚೀಲ ಅಥವಾ ನಾರಿನ ಚಾಪೆ ಹಾಸೋಣ. ನಮ್ಮದು ತೆಂಗಿನ ಸೀಮೆ, ನಾರಿಗೆ ಬರವಿಲ್ಲ. ಭಾರವಾದ ತಟ್ಟೆಯನ್ನು ತುಸು ಎತ್ತರದಲ್ಲಿಡೋಣ. ಬಾವಿ, ಮೆಟ್ಟಿಲು, ರಸ್ತೆಯಿಂದ ದೂರವಿಡೋಣ. ತಾಯಿ ಬೆಕ್ಕಿಗೆ ಗಬ್ಬವಾಗುವ ಮೊದಲೇ ಲಸಿಕೆ ಹಾಕಿಸಿದರೆ ಇಂಥ ತೊಂದರೆಯನ್ನು ಬಹುಮಟ್ಟಿಗೆ ತಡೆಯಬಹುದು.

ಪ್ರಾಣಿಗಳಿಗೆ ದಯೆ ತೋರುವುದು ನಮ್ಮ ಕರ್ತವ್ಯವೆಂದು ಕಥೋಲಿಕ ಧರ್ಮೋಪದೇಶ ಗ್ರಂಥದ 2416ನೇ ಪರಿಚ್ಛೇದ ಕಲಿಸುತ್ತದೆ. ಅದಕ್ಕೆ ಸಂತ ಫ್ರಾನ್ಸಿಸರನ್ನೂ ಸಂತ ಫಿಲಿಪ್ ನೇರಿಯವರನ್ನೂ ನೆನೆಯುತ್ತದೆ. ಫಿಲಿಪ್ ನೇರಿ ರೋಮಿನಲ್ಲಿ ಮನೆ ಬದಲಿಸಿದಾಗ, ಹಳೆಯ ಮನೆಯಲ್ಲುಳಿದ ಬೆಕ್ಕಿಗೆ ಊಟ ಹಾಕಲು ಶಿಷ್ಯರನ್ನು ಕಳುಹಿಸುತ್ತಿದ್ದರೆಂದು ಅವರ ಚರಿತ್ರೆಯಲ್ಲಿದೆ.

ಬೇಲೂರು, ಹಳೇಬೀಡಿನ ಹೊಯ್ಸಳ ಗುಡಿಗಳನ್ನು ಯುನೆಸ್ಕೊ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಕೈ ಮುರಿದ, ಮುಖ ಒಡೆದ ಶಿಲ್ಪಗಳೂ ಇವೆ. ಅವನ್ನು ಯಾರೂ ಹೊರಗೆಸೆಯಲಿಲ್ಲ. ನೋಡಲು ಜನ ದೂರದೂರದಿಂದ ಬರುತ್ತಾರೆ. ಕಲ್ಲಿಗೆ ಸಿಗುವ ಈ ಮರ್ಯಾದೆ ಉಸಿರಾಡುವ ಜೀವಕ್ಕೇಕಿಲ್ಲ?

ಪ್ರೀತಿಯ ತಂದೆ ತಾಯಂದಿರೇ, ಬೆಕ್ಕನ್ನು ಮನುಷ್ಯರಿಗೆ ಸಮ ಮಾಡಿ ನಾವು ಮಾತಾಡುತ್ತಿಲ್ಲ. ಆದರೆ ಮರಿಯನ್ನು ಚೀಲಕ್ಕೆ ಹಾಕುವಾಗ ನಮ್ಮ ಮಕ್ಕಳು ನೋಡುತ್ತಿರುತ್ತಾರೆ. ಕೈಲಾಗದವರಿಗೆ ಮನೆಯಲ್ಲಿ ಜಾಗವಿಲ್ಲ ಎಂಬ ಪಾಠ ಅವರಿಗೆ ಅಲ್ಲೇ ಆಗುತ್ತದೆ. ನಾಳೆ ನಮ್ಮ ಕೈಯೂ ನಡುಗೀತು. ಅನ್ನದ ತುತ್ತು ಬಾಯಿಗೆ ಸೇರುವ ಮೊದಲೇ ಚೆಲ್ಲೀತು. ಆಗ ಪಕ್ಕದಲ್ಲಿ ಕೂತು ತಟ್ಟೆ ಹಿಡಿಯುವ ಮಕ್ಕಳನ್ನು ಇಂದೇ ಬೆಳೆಸೋಣ. ಗುಬ್ಬಿಯನ್ನೂ ಮರೆಯದ ತಂದೆಯಾದ ದೇವರು ಅದಕ್ಕೆ ಬೇಕಾದ ಮನಸ್ಸನ್ನು ನಮಗೆ ಕೊಡಲಿ. ಆಮೆನ್.