ಮನೆಯ ಮಾತು, ಶಾಲೆಯ ಅಕ್ಷರ: ಕಯ್ಯಾರ ಮಾಸ್ತರರ ಸ್ಮರಣೆ

(ಶತಮಾನೋತ್ಸವದ ಗುರುಸ್ಮರಣೆ ಗೋಷ್ಠಿಯಲ್ಲಿ, ತೇನಿ ಮತ್ತು ದಿಂಡಿಗಲ್ ಜಿಲ್ಲೆಗಳಲ್ಲಿ ನೆಲಸಿರುವ ಹಳೆ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣ)



ನಮ್ಮ ಶಾಲೆಗೆ ನೂರು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ, ಗುರುಸ್ಮರಣೆಯ ನಾಲ್ಕು ಮಾತುಗಳನ್ನಾಡುವ ಭಾಗ್ಯವನ್ನು ದೂರದಿಂದ ಬಂದ ನಮಗೆ ಇತ್ತಿದ್ದೀರಿ. ಈ ಶಾಲೆಯ ಅಂಗಳದಿಂದ ಹೊರಟ ನಮ್ಮಲ್ಲಿ ಕೆಲವರನ್ನು ಬದುಕು ತಮಿಳುನಾಡಿನ ಪಶ್ಚಿಮದ ಅಂಚಿಗೆ ಒಯ್ದಿತು. ಒಬ್ಬರು ಬೋಡಿನಾಯಕನೂರಿನ ಏಲಕ್ಕಿ ವ್ಯಾಪಾರಕ್ಕೆ ಹೋದರು, ಇನ್ನೊಬ್ಬರು ತೇನಿಯ ಬ್ಯಾಂಕಿಗೆ, ಮತ್ತೊಬ್ಬರು ದಿಂಡಿಗಲ್ಲಿನ ನೂಲಿನ ಗಿರಣಿಗೆ. ದಿಂಡಿಗಲ್ಲಿನ ಕೋಟೆ ನಮಗೆ ಇತಿಹಾಸದ ಪಾಠದಲ್ಲಿ ಹೈದರಾಲಿಯ ಹೆಸರಿನೊಂದಿಗೆ ಬಂದಿತ್ತು. ಅದರ ನೆರಳಿನಲ್ಲೇ ಸಂಸಾರ ಹೂಡುತ್ತೇವೆಂದು ಅಂದು ಯಾರೂ ಎಣಿಸಿರಲಿಲ್ಲ.

ನಾವು ಇಂದು ನೆನೆಯಲು ಬಯಸುವ ಗುರುಗಳು ಈ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಅವರು ಪೆರಡಾಲದ ನವಜೀವನ ಹೈಸ್ಕೂಲಿನ ಕನ್ನಡ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು. ಆದರೆ ನಮಗೆ ಕನ್ನಡ ಕಲಿಸಿದವರಲ್ಲಿ ಅವರ ಶಿಷ್ಯರಿದ್ದರು. ಗುರುವಿನ ಗುರು ಎಂಬ ನಾತೆಯಿಂದ, ಅವರ ತರಗತಿಯಲ್ಲಿ ಕೂರದೆಯೇ ನಾವು ಅವರ ವಿದ್ಯಾರ್ಥಿಗಳಾದೆವು.

ಮೊದಲು ಒಂದು ಅಕ್ಷರದ ಮಾತು. ವರ್ಣಮಾಲೆಯಲ್ಲಿ ಚವರ್ಗದ ಕೊನೆಗೆ ಬರುವ ‘ಞ’ವನ್ನು ಕನ್ನಡದ ಮಕ್ಕಳು ಬಾಯಿಪಾಠ ಮಾಡಿ ಮರೆಯುತ್ತಾರೆ. ಅದನ್ನು ಬರೆಯುವ ಸಂದರ್ಭವೇ ಅಪರೂಪ. ನಮಗೆ ಮಾತ್ರ ಅದು ಮರೆಯಲಿಲ್ಲ. ‘ಕಿಞ್ಞಣ್ಣ’ ಎಂಬ ಹೆಸರನ್ನು ತಪ್ಪಿಲ್ಲದೆ ಬರೆಯುವವರೆಗೆ ನಮ್ಮ ಪಂಡಿತರು ಸ್ಲೇಟನ್ನು ಒರೆಸಗೊಡುತ್ತಿರಲಿಲ್ಲ. ‘ಕಿಞ್ಞ’ ಎಂದರೆ ತುಳುವಿನಲ್ಲಿ ಚಿಕ್ಕದು. ಆ ಚಿಕ್ಕಣ್ಣ ಗಡಿನಾಡಿನ ಕನ್ನಡಕ್ಕೆ ಹಿರಿಯಣ್ಣನಾಗಿ ನಿಂತರು. ಮುಂದೆ ತೇನಿಯಲ್ಲಿ ತಮಿಳು ಕಲಿಯತೊಡಗಿದಾಗ, ಭಾನುವಾರಕ್ಕೆ ಅವರೆನ್ನುವ ‘ಞಾಯಿರು’ ಎಂಬ ಪದದ ಮೊದಲಲ್ಲೇ ಈ ಅಕ್ಷರ ನಮ್ಮನ್ನು ಎದುರುಗೊಂಡಿತು. ಪರಊರಿನಲ್ಲಿ ನಂಟರನ್ನು ಕಂಡಂತಾಯಿತು.

ಕಯ್ಯಾರರು ಹುಟ್ಟಿದ್ದು 1915ರ ಜೂನ್ 8ರಂದು. ಮನೆಯ ಮಾತು ತುಳು. ಸಂಸ್ಕೃತವನ್ನು ನೀರ್ಚಾಲಿನ ಮಹಾಜನ ಸಂಸ್ಕೃತ ಕಾಲೇಜಿನಲ್ಲಿ ಓದಿದರು, ಕನ್ನಡ ವಿದ್ವಾನ್ ಪದವಿಯನ್ನು ಪಡೆದರು, ಸ್ವಾತಂತ್ರ್ಯ ಚಳವಳಿಗೆ ಇಳಿದರು, ಪತ್ರಿಕೆಗಳಲ್ಲಿ ದುಡಿದರು. ಆದರೆ ಬಾಳಿನ ಬಹುಭಾಗವನ್ನು ಅವರು ಕೊಟ್ಟದ್ದು ಒಂದು ಹಳ್ಳಿಯ ಪ್ರೌಢಶಾಲೆಗೆ. ಮಕ್ಕಳಿಗಾಗಿ ವಾಚನಮಾಲೆ ಬರೆದರು, ವ್ಯಾಕರಣ ಬರೆದರು, ಪದ್ಯ ಕಟ್ಟಿದರು. 1969ರಲ್ಲಿ ಅವರಿಗೆ ಅಧ್ಯಾಪಕರಿಗೆ ಸಲ್ಲುವ ರಾಷ್ಟ್ರಪ್ರಶಸ್ತಿ ದೊರೆಯಿತು. 1997ರಲ್ಲಿ ಮಂಗಳೂರಿನಲ್ಲಿ ನಡೆದ 66ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅಷ್ಟಾದರೂ ಊರಿನವರ ಬಾಯಲ್ಲಿ ಅವರು ಮಾಸ್ತರರಾಗಿಯೇ ಉಳಿದರು.

ಅವರ ಮನೆಯ ಮಾತು ತುಳು ಎಂದೆವು. ಅದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಕಾಸರಗೋಡನ್ನು ಸಪ್ತಭಾಷೆಗಳ ಸಂಗಮಭೂಮಿ ಎನ್ನುತ್ತಾರೆ. ಈ ಶಾಲೆಯ ನಮ್ಮ ತರಗತಿಯಲ್ಲೇ ತುಳುವಿನವರಿದ್ದರು, ಹವ್ಯಕರಿದ್ದರು, ಕೊಂಕಣಿ, ಮರಾಠಿ, ಮಲಯಾಳದ ಮನೆಗಳವರಿದ್ದರು. ಗಂಟೆ ಬಾರಿಸಿದೊಡನೆ ಎಲ್ಲರೂ ಕನ್ನಡಿಗರಾಗುತ್ತಿದ್ದೆವು. ಇಲ್ಲಿ ಕನ್ನಡವನ್ನು ಎಲ್ಲರಿಗೂ ತಾಯಿಯೇ ಕೊಡಲಿಲ್ಲ. ಅನೇಕರಿಗೆ ಅದನ್ನು ಕೊಟ್ಟದ್ದು ಶಾಲೆ. ಕಯ್ಯಾರರೂ ಹಾಗೆ ಪಡೆದವರು, ಪಡೆದುದನ್ನು ಹಾಗೆಯೇ ಹಂಚಿದವರು. ತುಳುವನ್ನು ಅವರು ಕೈಬಿಡಲಿಲ್ಲ. ಆ ಭಾಷೆಯಲ್ಲಿಯೂ ಕವಿತೆ ಬರೆದರು.

ಈ ಮಾತಿನ ಬೆಲೆ ನಮಗೆ ತಿಳಿದದ್ದು ಕಂಬಂ ಕಣಿವೆಯಲ್ಲಿ. ಪೆರಿಯಾರಿನ ನೀರು ಬೆಟ್ಟದೊಳಗಿನ ಸುರಂಗದಿಂದ ಹಾಯ್ದು ಬಂದು ಭತ್ತದ ಗದ್ದೆಗಳನ್ನೂ ದ್ರಾಕ್ಷಿಯ ಚಪ್ಪರಗಳನ್ನೂ ಹಸಿರಾಗಿಸಿರುವ ಸೀಮೆ ಅದು. ಅಲ್ಲಿ ಕಪ್ಪಿಲಿಯರು, ಅನುಪ್ಪರು ಎಂಬ ಒಕ್ಕಲುಮಕ್ಕಳಿದ್ದಾರೆ. ತಾವು ತುಂಗಭದ್ರೆಯ ದಡದಿಂದ ಬಂದವರೆಂಬ ಐತಿಹ್ಯವನ್ನು ಕಪ್ಪಿಲಿಯರು ಹೇಳಿಕೊಳ್ಳುತ್ತಿದ್ದುದನ್ನು ಥರ್ಸ್ಟನ್ ಎಂಬ ವಿದ್ವಾಂಸರು 1909ರಲ್ಲಿ ದಾಖಲಿಸಿದ್ದಾರೆ. ಅದಕ್ಕೂ ಮುನ್ನ, 1906ರ ಮಧುರಾ ಜಿಲ್ಲೆಯ ಗೆಜೆಟಿಯರಿನಲ್ಲಿ ಕಂಬಂನಲ್ಲಿ ಕಪ್ಪಿಲಿಯರು ಸಾಕುತ್ತಿದ್ದ ಪವಿತ್ರವಾದ ದನದ ಹಿಂಡಿನ ಪ್ರಸ್ತಾಪವಿದೆ. ತಮಿಳಿನಲ್ಲಿ ಅದಕ್ಕೆ ‘ತಂಬಿರಾನ್ ಮಾಡು’ ಎಂಬ ಹೆಸರು, ಕಪ್ಪಿಲಿಯರ ನುಡಿಯಲ್ಲಿ ‘ದೇವರು ಆವು’. ಗೋವಿಗೆ ‘ಆವು’ ಎಂಬ ಪದವನ್ನು ನಾವು ಹಳಗನ್ನಡದ ಪಾಠದಲ್ಲಿ ಅರ್ಥಕೋಶ ನೋಡಿ ಕಲಿತವರು. ಅವರು ಅದನ್ನು ಹಟ್ಟಿಯಲ್ಲಿ ಉಳಿಸಿಕೊಂಡಿದ್ದರು.

ಆ ಕಣಿವೆಯ ಒಂದು ಮನೆಯಲ್ಲಿ ನಡೆದುದನ್ನು ಹೇಳಬೇಕು. ದ್ರಾಕ್ಷಿ ಬೆಳೆಯುವ ಮನೆ ಅದು. ಅಲ್ಲಿಯ ಅಜ್ಜಿ ನಮ್ಮೊಡನೆ ತಮ್ಮ ಕನ್ನಡದಲ್ಲಿ ಮಾತನಾಡಿದರು. ಅರ್ಧ ತಿಳಿಯಿತು, ಉಳಿದರ್ಧವನ್ನು ನಗೆ ತುಂಬಿತು. ಈ ಶತಮಾನೋತ್ಸವದ ಆಮಂತ್ರಣ ಪತ್ರಿಕೆ ನಮ್ಮ ಕೈಯಲ್ಲಿತ್ತು. ಅದನ್ನು ನೋಡಿ, ಇದು ತೆಲುಗೇ ಎಂದು ಕೇಳಿದರು. ಅಲ್ಲ ಅಮ್ಮಾ, ಇದು ನೀವು ಆಡುವ ಮಾತೇ ಎಂದೆವು. ಅವರು ಪತ್ರಿಕೆಯನ್ನು ಕೈಗೆ ತೆಗೆದುಕೊಂಡು, ಬಹಳ ಹೊತ್ತು ನೋಡಿ, ನಮ್ಮ ಮಾತಿಗೂ ಬರಹ ಉಂಟೇ ಎಂದರು.

ನಾವು ಉತ್ತರ ಕೊಡಲಿಲ್ಲ. ತಲೆಮಾರುಗಳ ಕಾಲ ತಾಯಂದಿರು ಮಾತನ್ನು ಕಾಪಾಡಿಕೊಂಡು ಬಂದಿದ್ದಾರೆ. ಆ ಮನೆಗೆ ಕನ್ನಡದ ಅಕ್ಷರವನ್ನು ಮುಟ್ಟಿಸುವ ಮಾಸ್ತರರೊಬ್ಬರು ಮಾತ್ರ ಸಿಗಲಿಲ್ಲ. ಕಂಬಂನಲ್ಲಿ ಕನ್ನಡಕ್ಕೆ ಮನೆಯಿದೆ, ಶಾಲೆಯಿಲ್ಲ. ಪೆರಡಾಲದಲ್ಲಿ ಮನೆಯ ಮಾತು ಬೇರೆಯಾಗಿದ್ದ ಮಕ್ಕಳಿಗೂ ಶಾಲೆ ಕನ್ನಡವನ್ನು ಕೊಟ್ಟಿತು. ಅಂದು ರಾತ್ರಿ ಕಯ್ಯಾರ ಮಾಸ್ತರರ ಕೆಲಸ ಎಂಥದೆಂಬುದು ನಮಗೆ ಹೊಸದಾಗಿ ಅರ್ಥವಾಯಿತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರ ನೋವು ಹಾಡಾಯಿತು, ಹೋರಾಟವಾಯಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ನದಿಯ ಉತ್ತರದ ಪ್ರದೇಶವನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಕಯ್ಯಾರರು ನೂರು ವರ್ಷ ತುಂಬಿದ ಎರಡು ತಿಂಗಳಿಗೆ, 2015ರ ಆಗಸ್ಟ್ 9ರಂದು ತೀರಿಕೊಂಡಾಗ ಗಡಿಗೆರೆ ಇದ್ದಲ್ಲೇ ಇತ್ತು. ಆದರೆ ಗಡಿಗಾಗಿ ಹೋರಾಡಿದ ಆ ಕೈಯೇ ಮಲಯಾಳದ ಮಹಾಕವಿ ಕುಮಾರನ್ ಆಶಾನರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದಿತು. ಅವರ ಜಗಳ ರೇಖೆಯೊಡನೆ ಇತ್ತು, ನೆರೆಯವರ ನುಡಿಯೊಡನೆ ಇರಲಿಲ್ಲ. ಗಡಿನಾಡಿನ ತರಗತಿಯಲ್ಲಿ ನಿಲ್ಲುವ ಪ್ರತಿಯೊಬ್ಬ ಅಧ್ಯಾಪಕರೂ ಇದನ್ನು ನೆನಪಿಡಬೇಕು.

ಅವರ ಗೃಹಸ್ಥಜೀವನದ ಬಗೆಗೆ ಒಂದು ಮಾತು. ಬದಿಯಡ್ಕದ ಬಳಿಯ ಅವರ ಮನೆಯ ಹೆಸರು ‘ಕವಿತಾ ಕುಟೀರ’. ಹೆಸರು ಕವಿತೆಯದಾದರೂ ಬದುಕು ನಡೆದದ್ದು ಮಣ್ಣಿನಿಂದ. ತುಂಬಿದ ಸಂಸಾರ, ಜೊತೆಗೆ ತೋಟದ ಕೆಲಸ. ನಿವೃತ್ತಿಯ ಬಳಿಕ ಅವರು ಪೂರ್ಣವಾಗಿ ಕೃಷಿಕರಾದರು. ತಮ್ಮ ಆತ್ಮಕಥೆಗೆ ‘ದುಡಿತವೇ ನನ್ನ ದೇವರು’ ಎಂದೇ ಹೆಸರಿಟ್ಟರು. ಕನ್ನಡದ ಕೆಲಸಕ್ಕೆಂದು ಹೊರಟವರು ಆ ಮನೆಯ ಮೆಟ್ಟಿಲೇರುತ್ತಿದ್ದರು. ಶಾಲೆಯಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಎಂಬ ಭೇದ ಆ ಬಾಳಿನಲ್ಲಿ ಇರಲಿಲ್ಲ.

ನಮ್ಮ ಬಾಳಿನಲ್ಲಿ ಆ ಭೇದ ಇದೆ. ಅದನ್ನು ಒಪ್ಪಿಕೊಳ್ಳಲೆಂದೇ ಇಷ್ಟು ದೂರ ಬಂದಿದ್ದೇವೆ. ತೇನಿಯಲ್ಲಿ, ದಿಂಡಿಗಲ್ಲಿನಲ್ಲಿ ಬೆಳೆದ ನಮ್ಮ ಮಕ್ಕಳು ಊಟದ ಎಲೆಯ ಮುಂದೆ ಕನ್ನಡ ಮಾತನಾಡುತ್ತಾರೆ. ಓದುವುದು ತಮಿಳು ಮತ್ತು ಇಂಗ್ಲಿಷ್. ತಮಿಳು ಅವರಿಗೆ ಅನ್ನ ಕೊಡುವ ನೆಲದ ನುಡಿ. ಅದನ್ನು ಅವರು ಚೆನ್ನಾಗಿಯೇ ಕಲಿಯಲಿ. ತಪ್ಪು ತಮಿಳಿನದಲ್ಲ, ನಮ್ಮದು. ಸಂಜೆ ಅರ್ಧ ಗಂಟೆ ಸ್ಲೇಟು ಹಿಡಿದು ಕೂರಲು ನಮಗೆ ಪುರುಸೊತ್ತಾಗಲಿಲ್ಲ. ಕಪ್ಪಿಲಿಯರ ಮನೆಗಳಿಗೆ ಮಾಸ್ತರರು ಸಿಗಲಿಲ್ಲ. ನಮಗೋ ಕಯ್ಯಾರರ ಶಿಷ್ಯರೇ ಸಿಕ್ಕಿದ್ದರು. ಆದರೂ ಆ ಅಜ್ಜಿಯ ಮನೆ ಬಹುಕಾಲದ ಬಳಿಕ ನಿಂತಿರುವ ಸ್ಥಿತಿಗೆ ನಮ್ಮ ಮನೆಗಳು ಒಂದೇ ತಲೆಮಾರಿನಲ್ಲಿ ಬಂದು ನಿಂತಿವೆ. ಈ ಸ್ಮರಣ ಸಂಚಿಕೆ ನಮ್ಮ ಮನೆಗಳಿಗೆ ಬರುತ್ತದೆ. ಅದರಲ್ಲಿ ಅಚ್ಚಾಗುವ ಈ ಭಾಷಣವನ್ನು ನಮ್ಮ ಮಕ್ಕಳು ಓದಲಾರರು. ನಾವೇ ಓದಿ ಹೇಳಬೇಕು.

ಇಲ್ಲಿ ಕುಳಿತಿರುವ ತಾಯ್ತಂದೆಯರಲ್ಲಿ ಒಂದು ಬಿನ್ನಹ. ಮಗುವನ್ನು ಯಾವ ಮಾಧ್ಯಮಕ್ಕೆ ಸೇರಿಸಬೇಕೆಂಬ ಚಿಂತೆ ನಿಮ್ಮನ್ನು ಪ್ರತಿ ಜೂನ್ ತಿಂಗಳಲ್ಲಿ ಕಾಡುತ್ತದೆಂಬುದನ್ನು ಬಲ್ಲೆವು. ಉದ್ಯೋಗದ ಭಯ ಸುಳ್ಳಲ್ಲ. ನಾವೂ ಉದ್ಯೋಗಕ್ಕಾಗಿಯೇ ಊರು ಬಿಟ್ಟವರು. ಆದರೆ ಮನೆಯಲ್ಲಿ ಮಾತನಾಡಿದರೆ ಸಾಕು, ಭಾಷೆ ತಾನೇ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ, ಕಂಬಂ ಕಣಿವೆಯ ಆ ಅಜ್ಜಿಯ ಪ್ರಶ್ನೆಯನ್ನು ನೆನೆಯಿರಿ. ಮಾತು ಉಳಿದೀತು. ಪಂಪನೂ ಕುಮಾರವ್ಯಾಸನೂ ಗೋವಿಂದ ಪೈಗಳೂ ಅಂಥ ಮನೆಯ ಹೊಸಿಲ ಹೊರಗೇ ನಿಲ್ಲುತ್ತಾರೆ.

ಶಾಲೆಯ ಗುರುಗಳಲ್ಲಿಯೂ ಒಂದು ಕೋರಿಕೆ. ಹಾರ, ಶಾಲು, ನೆನಪಿನ ಕಾಣಿಕೆ ನಮಗೆ ಬೇಡ. ಒಂದನೆಯ ತರಗತಿಯ ಕನ್ನಡ ಪಾಠಪುಸ್ತಕದ ಹನ್ನೆರಡು ಪ್ರತಿಗಳನ್ನು ಕೊಡಿಸಿ. ತೇನಿಯ ಒಂದು ಮನೆಯ ಜಗಲಿಯಲ್ಲಿ ಪ್ರತಿ ಭಾನುವಾರ ಬೆಳಗ್ಗೆ ಮೊಮ್ಮಕ್ಕಳನ್ನು ಕೂರಿಸುವುದೆಂದು ನಿಶ್ಚಯಿಸಿಕೊಂಡು ಬಂದಿದ್ದೇವೆ. ಒಂಬತ್ತು ಮಕ್ಕಳಿದ್ದಾರೆ. ದ್ರಾಕ್ಷಿತೋಟದ ಮನೆಯ ಅಜ್ಜಿ ತಮ್ಮ ಇಬ್ಬರು ಮೊಮ್ಮಕ್ಕಳನ್ನೂ ಕಳುಹಿಸುತ್ತೇನೆಂದಿದ್ದಾರೆ. ಹನ್ನೆರಡನೆಯ ಪ್ರತಿ ಆ ಅಜ್ಜಿಗೆ.

ಮೊದಲ ಪಾಠ ‘ಞ’ದಿಂದಲೇ ಆರಂಭವಾಗಲಿದೆ. ತಮಿಳು ಶಾಲೆಗೆ ಹೋಗುವ ಆ ಮಕ್ಕಳಿಗೆ ಅದರ ಉಚ್ಚಾರ ಆಗಲೇ ಬರುತ್ತದೆ. ಬರೆಯುವುದನ್ನು ಮಾತ್ರ ನಾವು ಕಲಿಸಬೇಕು. ಉದಾಹರಣೆಗೆ ಯಾವ ಹೆಸರನ್ನು ಬರೆಸುತ್ತೇವೆಂದು ಬೇರೆ ಹೇಳಬೇಕಾಗಿಲ್ಲ.