ಪರದೆ ಕಪ್ಪಾದರೆ ಮೊದಲು ಹೋಗುವುದು ಕನ್ನಡ!

(ಗಜೇಂದ್ರಗಡದಲ್ಲಿ ಯುವಕರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ರೋಣ, ನರಗುಂದ, ಗಜೇಂದ್ರಗಡ ಬಿಟ್ಟು ಬೆಂಗಳೂರು, ಹುಬ್ಬಳ್ಳಿ ಸೇರಿದವರು ನೀವು. ಹಬ್ಬಕ್ಕೆ ಊರಿಗೆ ಬಂದಾಗ ಬಸ್‌ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಯವನು ನಿಮ್ಮನ್ನು ಹಿಡಿದು ನಿಲ್ಲಿಸುತ್ತಾನೆ. "ತಮ್ಮಾ, ನೀ ಕಂಪ್ಯೂಟರ್ ಕಲ್ತಾಂವ. ಇದಕ್ಕೇನಾಗೇತಿ ನೋಡು." ಅವನ ಯಂತ್ರ ಹಳೆಯದು. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಈ ಯಂತ್ರವನ್ನು ಒಲ್ಲೆ ಎನ್ನುತ್ತದೆ. ಹೊಸದು ಕೊಳ್ಳಲು ಅವನ ಹತ್ತಿರ ದುಡ್ಡಿಲ್ಲ. ನೀವು ಹುರುಪಿನಿಂದ ಲಿನಕ್ಸ್ ಹಾಕಿಕೊಡುತ್ತೀರಿ. ಭೇಷ್! (ಪೇಜ್‌ಮೇಕರ್ ಅದರಲ್ಲಿ ನೇರವಾಗಿ ಓಡುವುದಿಲ್ಲ, ಇಂಕ್‌ಸ್ಕೇಪ್, ಸ್ಕ್ರೈಬಸ್ ಕಲಿಯಬೇಕು ಎಂದು ಮೊದಲೇ ಹೇಳಿಬಿಡಿ. ಆಮೇಲೆ ಬೈಸಿಕೊಳ್ಳಬೇಡಿ.) ನೀವು ಬೆಂಗಳೂರು ಮುಟ್ಟಿ ಮೂರು ದಿನವಾಗಿರುವುದಿಲ್ಲ, ಫೋನು ಬರುತ್ತದೆ: "ಪರದೆ ಕಪ್ಪಾಗೇತಿ!"

ನನಗೂ ಹೀಗೇ ಫೋನು ಬಂದಿತ್ತು. ಮದುವೆ ಕಾಲ. ಲಗ್ನಪತ್ರಿಕೆ ಅರ್ಧಕ್ಕೆ ನಿಂತಿತ್ತು. ಫೋನಿನಲ್ಲೇ ಹೇಳಿದೆ: ಕಂಟ್ರೋಲ್, ಆಲ್ಟ್, ಎಫ್3, ಮೂರನ್ನೂ ಒಟ್ಟಿಗೆ ಒತ್ತು. ಬರೀ ಅಕ್ಷರಗಳ ಪರದೆಯೊಂದು ಬಂತು. ಅದು ಬಂದರೆ ಯಂತ್ರ ಬದುಕಿದೆ, ಚಿತ್ರ ಮಾತ್ರ ಸತ್ತಿದೆ ಎಂದರ್ಥ. ಅವನು ಕೇಳಿದ: "ಇಲ್ಲಿ ಕನ್ನಡ ಯಾಕ ಬರವಲ್ದು?"

ಗೆಳೆಯರೇ, ಈ ಪ್ರಶ್ನೆಗೆ ಉತ್ತರ ಹೇಳಲಿಕ್ಕೇ ನಾನಿಲ್ಲಿ ನಿಂತಿದ್ದೇನೆ.

ಆ ಅಕ್ಷರಪರದೆಯನ್ನು ಲಿನಕ್ಸಿನ ತಿರುಳಾದ ಕರ್ನಲ್ ತಾನೇ ಬರೆಯುತ್ತದೆ. ಅದಕ್ಕೆ ಹೆಚ್ಚೆಂದರೆ 512 ಅಕ್ಷರರೂಪಗಳು ಗೊತ್ತು. ಒಂದು ಮನೆಗೆ ಒಂದು ಅಕ್ಷರ, ಅಷ್ಟೇ. ನಮ್ಮದು ಹಾಗಲ್ಲ. "ಸ್ತ್ರೀ" ಎಂದು ಬರೆಯಿರಿ ನೋಡೋಣ. ಸಕಾರದ ಕೆಳಗೆ ತಕಾರದ ಒತ್ತು, ಅದರ ಜೊತೆ ರಕಾರದ ಒತ್ತು, ಮೇಲೆ ಗುಡಿಸು, ಮುಂದೆ ದೀರ್ಘ. ಯೂನಿಕೋಡಿನಲ್ಲಿ ಇವು 6 ಸಂಕೇತ, ಕಣ್ಣಿಗೆ ಒಂದೇ ಅಕ್ಷರ! ಇವನ್ನು ಹೊಂದಿಸಿಕೊಡುವ ಹಾರ್ಫ್‌ಬಜ್ ಎಂಬ ತಂತ್ರಾಂಶ ನೆರವಿಗೆ ಬರುವುದು ಚಿತ್ರದ ಪರದೆಯ ಮೇಲೆ. ಇಂಗ್ಲಿಷ್ ಚಿತ್ರವಿಲ್ಲದೆಯೂ ಬದುಕುತ್ತದೆ. ಕನ್ನಡಕ್ಕೆ ಚಿತ್ರ ಬೇಕೇ ಬೇಕು. ಗ್ರಾಫಿಕ್ಸ್ ಡ್ರೈವರ್ ಕೈಕೊಟ್ಟ ಕ್ಷಣ ಯಂತ್ರದಿಂದ ಹೊರಬೀಳುವುದು ಕನ್ನಡ. ಡ್ರೈವರ್ ರಿಪೇರಿ ಎಂಜಿನಿಯರರ ಕೆಲಸ, ಕನ್ನಡದ ಕೆಲಸವಲ್ಲ ಎಂದು ಇನ್ನು ಯಾರಾದರೂ ಹೇಳಿದರೆ ಈ ಲಗ್ನಪತ್ರಿಕೆಯ ಕತೆ ಹೇಳಿ.

ಈಗ ರಿಪೇರಿ. ನಾನು ಹೇಳುವುದು ಉಚ್ಚಾರ. ಟೈಪು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಆಗಬೇಕು, ವಿಧಿಯಿಲ್ಲ.

ಯಂತ್ರ ಹಚ್ಚಿದ ಕೂಡಲೇ ಎಸ್ಕೇಪ್ ಕೀಲಿ ಒತ್ತಿದರೆ, ಕೆಲವು ಯಂತ್ರಗಳಲ್ಲಿ ಶಿಫ್ಟ್ ಹಿಡಿದರೆ, ಗ್ರಬ್ ಎಂಬ ಪಟ್ಟಿ ಬರುತ್ತದೆ. ನಿನ್ನೆಯವರೆಗೆ ಸರಿಯಿದ್ದು ಅಪ್‌ಡೇಟ್ ಆದಮೇಲೆ ಕೆಟ್ಟಿದೆಯೇ? ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹೋಗಿ ಹಳೆಯ ಕರ್ನಲ್ ಆರಿಸಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಕರ್ನಲ್ ಹೊಸದು ಬಂದಿದೆ, ಡ್ರೈವರ್ ಅದಕ್ಕೆ ಹೊಂದಿಕೊಂಡಿಲ್ಲ, ಇಷ್ಟೇ ರೋಗ. ನಮ್ಮ ಅಂಗಡಿಯವನದ್ದೂ ಇದೇ ಆಗಿತ್ತು.

ಹೊಸದಾಗಿ ಹಾಕಿದ ದಿನವೇ ಕಪ್ಪಾಯಿತೇ? ಅದೇ ಪಟ್ಟಿಯಲ್ಲಿ "ಇ" ಒತ್ತಿ, "ಲಿನಕ್ಸ್" ಎಂದು ಶುರುವಾಗುವ ಸಾಲಿನ ಕೊನೆಗೆ "ನೋಮೋಡ್‌ಸೆಟ್" ಎಂದು ಸೇರಿಸಿ ಎಫ್10 ಒತ್ತಿ. ಪರದೆ ದಪ್ಪ ಅಕ್ಷರದಲ್ಲಿ, ಒರಟಾಗಿ ಬರಬಹುದು. ಬರಲಿ. ಇದು ಆ ಒಂದು ಸಲಕ್ಕೆ ಮಾತ್ರ. ಅಷ್ಟರಲ್ಲಿ ಸರಿಯಾದ ಡ್ರೈವರ್ ಹಾಕಬೇಕು. ಯಾವುದು ಬೇಕು? "ಎಲ್‌ಎಸ್‌ಪಿಸಿಐ" ಎಂದು ಹೊಡೆದು, ಒಂದು ಸ್ಥಳ ಬಿಟ್ಟು, ಅಡ್ಡಗೆರೆ ಹಾಕಿ "ಕೆ" ಒತ್ತಿದರೆ ಯಾವ ಕಾರ್ಡು, ಯಾವ ಡ್ರೈವರ್ ಓಡುತ್ತಿದೆ ಎಂದು ಹೇಳುತ್ತದೆ. ಇಂಟೆಲ್, ಎಎಂಡಿ ಆದರೆ ಡ್ರೈವರ್ ಕರ್ನಲ್ಲಿನ ಒಳಗೇ ಇರುತ್ತದೆ. ಎನ್ವಿಡಿಯಾ ಆದರೆ ಉಬುಂಟುವಿನ "ಅಡಿಷನಲ್ ಡ್ರೈವರ್ಸ್" ತೆರೆಯಿರಿ. ಹಾಕಿದರೂ ಓಡದಿದ್ದರೆ ಸೆಕ್ಯೂರ್ ಬೂಟ್ ನೋಡಿ. ಸಹಿ ಇಲ್ಲದ ಡ್ರೈವರನ್ನು ಅದು ಒಳಗೆ ಬಿಡುವುದಿಲ್ಲ. ಮರುದಿನ ನೀಲಿ ಪರದೆ ಬಂದು ಕೀಲಿ ಸೇರಿಸಲೇ ಎಂದು ಕೇಳಿದರೆ ಹೆದರಿ ತಪ್ಪಿಸಿಕೊಳ್ಳಬೇಡಿ, ಸೇರಿಸಿ.

ಎನ್ವಿಡಿಯಾ ಎಂದೊಡನೆ ಒಂದು ಮಾತು. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಲಿನಕ್ಸಿನ ಜನಕ ಲಿನಸ್ ಟೋರ್ವಾಲ್ಡ್ಸ್ ಈ ಕಂಪನಿಗೆ ನಡುಬೆರಳು ತೋರಿಸಿ ಬೈದರು. 2022ರಲ್ಲಿ ಕಂಪನಿ ಡ್ರೈವರಿನ ಕರ್ನಲ್ ಭಾಗದ ಮೂಲವನ್ನು ಬಯಲಿಗಿಟ್ಟಿತು. ಆದರೆ ಅದು 2018ರ ಟ್ಯೂರಿಂಗ್ ಪೀಳಿಗೆಯಿಂದ ಈಚಿನ ಕಾರ್ಡುಗಳಿಗಷ್ಟೇ. ಹಳೆಯ ಕಾರ್ಡಿನ ಬಡವರಿಗೆ ಹಳೆ ಡ್ರೈವರೇ ಗತಿ, ಇಲ್ಲವೆ ಕಂಪನಿಯ ಹೊರಗಿನವರು ಯಂತ್ರವನ್ನು ಬಗೆದು ನೋಡಿ ಕಟ್ಟಿದ ನೂವೋ. ಮುಚ್ಚಿಟ್ಟ ವಿದ್ಯೆಯ ಬೆಲೆಯನ್ನು ಕಡೆಗೆ ತೆತ್ತವನು ರೋಣದ ಡಿಟಿಪಿಯವನು!

ಒಂದು ಗೊಂದಲ ಬೇಡ. ಪರದೆ ಚೆನ್ನಾಗಿದ್ದು ಕನ್ನಡ ಮಾತ್ರ ಚೌಕ ಚೌಕವಾಗಿ ಕಂಡರೆ ಡ್ರೈವರನ್ನು ಬೈಯಬೇಡಿ. ಅದು ಫಾಂಟ್ ಇಲ್ಲದ ತೊಂದರೆ. ಉಬುಂಟು, ಡೆಬಿಯನ್‌ಗಳಲ್ಲಿ "ಫಾಂಟ್ಸ್-ಕೆಎನ್‌ಡಿಎ" ಎಂಬ ಕಟ್ಟು ಹಾಕಿದರೆ ಲೋಹಿತ್, ಗುಬ್ಬಿ, ನವಿಲು ಮೂರೂ ಬರುತ್ತವೆ. ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಂತರೆ ತಪ್ಪು ಆ ತಂತ್ರಾಂಶದ್ದು. ಅದನ್ನು ಕಟ್ಟಿದವರಿಗೆ ಪರದೆಯ ಚಿತ್ರ ಸಮೇತ ದೂರು ಬರೆಯಿರಿ. ಬೋರ್ಡಿಗೆ ಮಸಿ ಬಳಿಯಲು ನೂರು ಜನ ಬರುತ್ತೀರಿ, ಒಂದು ಒತ್ತಕ್ಷರಕ್ಕಾಗಿ ಒಂದು ದೂರು ಬರೆಯಲು ಒಬ್ಬರಿಗೂ ಪುರುಸೊತ್ತಿಲ್ಲವೇ? ಹತ್ತಿರದ ನರಗುಂದ 1858ರಲ್ಲಿ ಬ್ರಿಟಿಷರಿಗೆ, 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಕರಕ್ಕೆ ಎದುರು ನಿಂತ ಊರು. ಆ ನೆಲದ ಮಕ್ಕಳು ನೀವು.

ಮತ್ತೊಂದು ಬೇಡಿಕೆ. ಯಾವ ಕಾರ್ಡು, ಯಾವ ಕರ್ನಲ್, ಏನು ಕೆಟ್ಟಿತು, ಏನು ಮಾಡಿದಿರಿ, ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಗೆ ಬರೆದು ಅಂಗಡಿಯ ಗೋಡೆಗೆ ಅಂಟಿಸಿ ಬನ್ನಿ. ಯಂತ್ರ ಕಪ್ಪಾದಾಗ ಓದಲು ಸಿಗುವ ಕನ್ನಡ ಅದೊಂದೇ.

ಸಾಕು. ಆ ಮೂಲೆಯಲ್ಲಿ ಕೆಟ್ಟ ಯಂತ್ರ ಒಂದನ್ನು ತಂದಿಟ್ಟಿದ್ದಾರೆ. ಹಚ್ಚೋಣ, ಯಾರು ಬರುತ್ತೀರಿ?